ಜರ್ಮನ್ ಓದಿಸಿದ್ದಕ್ಕೆ 25 ಡಾಲರ್ ದಂಡ

1920ರ ಮೇ 25. ಅಮೆರಿಕದ ನೆಬ್ರಾಸ್ಕಾ ರಾಜ್ಯದ ಹ್ಯಾಂಪ್ಟನ್ ಹತ್ತಿರದ ಜಿಯಾನ್ ಲುಥೆರನ್ ಚರ್ಚಿನ ಶಾಲೆ. ರಾಬರ್ಟ್ ಮೇಯರ್ ಎಂಬ ಮೇಷ್ಟ್ರು ಹತ್ತು ವರ್ಷದ ಹುಡುಗನಿಗೆ ಜರ್ಮನ್ ಭಾಷೆಯಲ್ಲಿ ಬೈಬಲ್ ಕಥೆ ಓದಿಸುತ್ತಿದ್ದರು. ಅಷ್ಟರಲ್ಲಿ ಅಲ್ಲಿನ ಸರ್ಕಾರಿ ವಕೀಲರು ಬಂದರು. ಕೇಸಾಯಿತು, 25 ಡಾಲರ್ ದಂಡವೂ ಬಿತ್ತು.

ಮಗುವಿಗೆ ಕಥೆ ಓದಿಸಿದ್ದು ಅಪರಾಧವಾಗಿದ್ದು ಹೇಗೆ ಅಂತ ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಲುಥೆರನ್ನರು ಅಂದರೆ ಜರ್ಮನಿಯ ಧರ್ಮಸುಧಾರಕ ಮಾರ್ಟಿನ್ ಲೂಥರ್ ಹಾದಿ ಹಿಡಿದ ಕ್ರೈಸ್ತರು. ಅವರಿಗೆ ಚರ್ಚಿನಷ್ಟೇ ಶಾಲೆಯೂ ಮುಖ್ಯ. 1524ರಲ್ಲೇ ಲೂಥರ್ ಜರ್ಮನ್ ಊರುಗಳನ್ನು ಆಳುವವರಿಗೆ ಪತ್ರ ಬರೆದು, ಶಾಲೆ ತೆರೆಯಿರಿ, ಹೆಣ್ಣುಮಕ್ಕಳಿಗೂ ಕಲಿಸಿ ಎಂದು ಕೇಳಿದ್ದರು. ಪಾದ್ರಿ ಓದಿ ಹೇಳಿದರೆ ಸಾಲದು, ಪ್ರತಿಯೊಬ್ಬರೂ ತಮ್ಮ ಮಾತಿನಲ್ಲಿ ತಾವೇ ಬೈಬಲ್ ಓದಿಕೊಳ್ಳಬೇಕು ಎನ್ನುವುದು ಅವರ ಹಟ. ಈ ಶಾಲೆಗಳ ಗುರಿಯೂ ಅದೇ.

1839ರಲ್ಲಿ ಜರ್ಮನಿಯ ಸ್ಯಾಕ್ಸನಿಯಿಂದ ಅಮೆರಿಕದ ಮಿಸೌರಿಗೆ ವಲಸೆ ಬಂದ ಲುಥೆರನ್ನರು, ಇನ್ನೂ ತಮ್ಮ ನೆಲೆಯೇ ಗಟ್ಟಿಯಾಗಿರದ ಹೊತ್ತಿನಲ್ಲಿ, ಮರದ ದಿಮ್ಮಿ ಜೋಡಿಸಿ ಶಾಲೆ ಕಟ್ಟಿಕೊಂಡರು. 1847ರಲ್ಲಿ ಮಿಸೌರಿ ಸಿನೋಡ್ ಎಂಬ ಲುಥೆರನ್ ಚರ್ಚುಗಳ ಒಕ್ಕೂಟ ಹುಟ್ಟಿದ ಮೇಲೆ ಇಂಥ ಚರ್ಚ್ ಶಾಲೆಗಳು ಊರೂರಿಗೆ ಹಬ್ಬಿದವು. ಮೇಷ್ಟ್ರು ಸಿಗದ ಕಡೆ ಪಾದ್ರಿಯೇ ಪಾಠ ಮಾಡುತ್ತಿದ್ದರು. ಮನೆಯಲ್ಲೂ ಚರ್ಚಿನಲ್ಲೂ ಜರ್ಮನ್, ಹಾಗಾಗಿ ಶಾಲೆಯಲ್ಲೂ ಅದೇ.

1917ರಲ್ಲಿ ಅಮೆರಿಕ ಜರ್ಮನಿಯ ಮೇಲೆ ಯುದ್ಧಕ್ಕೆ ಹೋಯಿತು ನೋಡಿ, ಅಲ್ಲಿಂದ ಜರ್ಮನ್ ಮಾತಾಡುವವರೆಲ್ಲ ಅನುಮಾನಕ್ಕೆ ಗುರಿಯಾದರು. ಎಂಟನೇ ತರಗತಿ ಮುಗಿಸದ ಮಕ್ಕಳಿಗೆ ಬೇರೆ ಭಾಷೆ ಕಲಿಸಬಾರದು, ಖಾಸಗಿ ಶಾಲೆಯಲ್ಲೂ ಕೂಡದು ಎಂದು ನೆಬ್ರಾಸ್ಕಾ 1919ರಲ್ಲಿ ಕಾನೂನು ಮಾಡಿತು. ಜಿಯಾನ್ ಶಾಲೆಯವರು ಒಂದು ದಾರಿ ಹುಡುಕಿದರು: ಮಧ್ಯಾಹ್ನದ ಬಿಡುವನ್ನು ಅರ್ಧ ಗಂಟೆ ಜಾಸ್ತಿ ಮಾಡಿ, ಆಗ ಮಾತ್ರ ಜರ್ಮನ್ ಓದು. ಮೇಯರ್ ಸಿಕ್ಕಿಬಿದ್ದದ್ದು ಆ ಅರ್ಧ ಗಂಟೆಯಲ್ಲೇ.

ದಂಡ ಕಟ್ಟಿ ಸುಮ್ನಿರಬಹುದಿತ್ತು. ಅವರು ಸುಮ್ಮನಾಗಲಿಲ್ಲ. ಅಪ್ಪ ಅಮ್ಮ ಜರ್ಮನ್‌ನಲ್ಲಿ ಪ್ರಾರ್ಥನೆ ಮಾಡುವಾಗ ಮಕ್ಕಳಿಗೆ ಅದು ಅರ್ಥವಾಗಬೇಕು, ಜೊತೆಗೆ ಕೂತು ಪ್ರಾರ್ಥಿಸಲು ಆಗಬೇಕು, ಅಲ್ವಾ? ಅವರ ಪರವಾದ ವಾದದಲ್ಲಿ ನನಗೆ ತುಂಬಾ ನಾಟುವುದು ಈ ಮಾತು. ರಾಜ್ಯದ ಸುಪ್ರೀಂ ಕೋರ್ಟಿನಲ್ಲಿ ಸೋತರು. ಆದರೆ 1923ರ ಜೂನ್ 4ರಂದು ದೇಶದ ಸುಪ್ರೀಂ ಕೋರ್ಟ್ ಏಳು-ಎರಡರಿಂದ ಅವರ ಪರ ತೀರ್ಪು ಕೊಟ್ಟಿತು: ಕಲಿಸುವುದು ಮೇಷ್ಟ್ರ ಹಕ್ಕು, ತಮ್ಮ ಮಕ್ಕಳಿಗೆ ಅವರಿಂದ ಕಲಿಸಿಕೊಳ್ಳುವುದು ತಂದೆತಾಯಿಯ ಹಕ್ಕು. ಶಾಲೆಯ ಭಾಷೆ ಯಾರು ತೀರ್ಮಾನಿಸಬೇಕು ಎಂಬ ಜಗಳ 2014ರಲ್ಲಿ ಕರ್ನಾಟಕದಿಂದ ನಮ್ಮ ಸುಪ್ರೀಂ ಕೋರ್ಟಿಗೂ ಹೋಗಿತ್ತು, ಅಲ್ಲೂ ಕೋರ್ಟ್ ತಂದೆತಾಯಿಯ ಆಯ್ಕೆಯನ್ನೇ ಎತ್ತಿಹಿಡಿಯಿತು.

ಕೇಸು ಗೆದ್ದರೂ ಜರ್ಮನ್ ಉಳಿಯಲಿಲ್ಲ. ಮಿಸೌರಿ ಸಿನೋಡ್ ತನ್ನ ಹೆಸರಿನಿಂದ 'ಜರ್ಮನ್' ಪದವನ್ನು 1917ರಲ್ಲೇ ಕೈಬಿಟ್ಟಿತ್ತು. ಅಲ್ಲೇ ಹುಟ್ಟಿ ಬೆಳೆದ ಮಕ್ಕಳ ಮಾತೂ ನಿಧಾನವಾಗಿ ಇಂಗ್ಲಿಷಿಗೆ ತಿರುಗಿತು. ಶಾಲೆಗಳು ಮಾತ್ರ ಮುಚ್ಚಲಿಲ್ಲ, ಅದೇ ಬೈಬಲ್ ಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳಿಕೊಡತೊಡಗಿದವು.