ಮಾತ್ರೆ ಬಂದು 40 ವರ್ಷವಾದರೂ ಲೋಟ ಬೇರೆ

ದಾವಣಗೆರೆ, ಚಿತ್ರದುರ್ಗದ ಹಳ್ಳಿಗಳಲ್ಲಿ ಕುಷ್ಠರೋಗದ ಹೆಸರನ್ನು ಗಟ್ಟಿಯಾಗಿ ಹೇಳುವವರು ಈಗಲೂ ಕಡಿಮೆ. ವಾಸಿಯಾದವರಿಗೂ ಚಹಾದ ಲೋಟ ಬೇರೆ ಇಡುವವರಿದ್ದಾರೆ. ಮನೆಯ ಹುಡುಗಿಗೆ ಗಂಡು ನೋಡುವಾಗಲಂತೂ ಹಳೇ ಕಥೆಯೆಲ್ಲ ಎದ್ದು ಕೂರುತ್ತದೆ.

ಕಾರಣ ಅರ್ಧ ಮೈಮೇಲೆಯೇ ಇದೆ. ಈ ರೋಗಾಣು ಚರ್ಮದ ಜೊತೆ ನರಗಳನ್ನೂ ಹಾಳು ಮಾಡುತ್ತದೆ. ಮಾತ್ರೆ ರೋಗಾಣುವನ್ನು ಕೊಲ್ಲುತ್ತದೆ, ಆದರೆ ಸತ್ತ ನರವನ್ನು ಬದುಕಿಸುವುದಿಲ್ಲ. ಜೋಮು ಹಿಡಿದ ಕೈಗೆ ಒಲೆ ಮೇಲಿನ ಪಾತ್ರೆ ಸುಟ್ಟದ್ದು ತಿಳಿಯದು. ಮೆಕ್ಕೆಜೋಳದ ಹೊಲದಲ್ಲಿ ಕೂಳೆ ಚುಚ್ಚಿದರೂ ಕಾಲಿಗೆ ಗೊತ್ತಾಗದು. ಗಾಯ ಕೀವಾಗಿ ಬೆರಳು ಮೊಟಕಾಗುತ್ತದೆ. ನೋಡಿದವರು ಅದನ್ನೇ ರೋಗ ಅಂದುಕೊಳ್ಳುತ್ತಾರೆ. ನಿಜ ಏನೆಂದರೆ, ಮಾತ್ರೆ ಶುರುವಾದ ಕೆಲವೇ ದಿನಗಳಲ್ಲಿ ಹರಡುವುದು ನಿಲ್ಲುತ್ತದೆ.

ಉಳಿದರ್ಧ ಕಾನೂನಿನ ಕೊಡುಗೆ. 1873ರಲ್ಲೇ ನಾರ್ವೆಯ ಹ್ಯಾನ್ಸನ್ ರೋಗಾಣುವನ್ನು ಗುರುತಿಸಿದ್ದ. ಆದರೂ 1898ರ ಕಾಯ್ದೆ, ಭಿಕ್ಷೆ ಬೇಡುವ ಕುಷ್ಠರೋಗಿಗಳನ್ನು ವಾರಂಟ್ ಇಲ್ಲದೆ ಹಿಡಿದು ಆಶ್ರಮಕ್ಕೆ ಸೇರಿಸಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಅದು ಬ್ರಿಟಿಷ್ ಇಂಡಿಯಾದ ಕಾಯ್ದೆ, ಚಿತ್ರದುರ್ಗ ಆಗ ಮೈಸೂರು ಸಂಸ್ಥಾನದಲ್ಲಿತ್ತು. ಆದರೆ ರೋಗಿಯನ್ನು ಊರಾಚೆ ಇಡಬೇಕು ಅನ್ನೋ ಯೋಚನೆ ಎಲ್ಲ ಕಡೆಯೂ ಇದ್ದದ್ದೇ.

ಸ್ವಾತಂತ್ರ್ಯ ಬಂದ ಮೇಲೂ ದೊಡ್ಡ ಬದಲಾವಣೆ ಆಗಲಿಲ್ಲ. 1940ರ ದಶಕದಲ್ಲೇ ಕುಷ್ಠಕ್ಕೆ ಡ್ಯಾಪ್ಸೋನ್ ಎಂಬ ಔಷಧಿ ಬಳಕೆಗೆ ಬಂದಿತ್ತು. ಆದರೂ 1955ರ ಹಿಂದೂ ವಿವಾಹ ಕಾಯ್ದೆ 'ವಾಸಿಯಾಗದ' ಕುಷ್ಠವನ್ನು ವಿಚ್ಛೇದನಕ್ಕೆ ಕಾರಣವೆಂದು ಬರೆದುಕೊಂಡಿತು. 80ರ ದಶಕದಲ್ಲಿ ಹಲವು ಔಷಧಿ ಸೇರಿಸಿದ ಎಂಡಿಟಿ ಬಂತು. 6 ಅಥವಾ 12 ತಿಂಗಳ ಮಾತ್ರೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಪುಕ್ಕಟೆ. ವಿಚ್ಛೇದನದ ಆ ಸಾಲು ಮಾತ್ರ ಹೋಗಿದ್ದು 2019ರಲ್ಲಿ! ಇಷ್ಟು ತಡ ಯಾಕೆ ಅಂದರೆ, ಕೇಳಿದವರ ಮಾತಿಗೆ ಕಿವಿಗೊಟ್ಟವರು ಕಡಿಮೆ ಅನಿಸುತ್ತದೆ.

2005ರ ಡಿಸೆಂಬರ್‌ಗೆ ದೇಶದಲ್ಲಿ ರೋಗದ ಪ್ರಮಾಣ 10,000ಕ್ಕೆ ಒಂದಕ್ಕಿಂತ ಕಡಿಮೆಯಾಯಿತು. ಹಾಗಂತ ರೋಗವೇ ಹೋಯಿತು ಅಂತಲ್ಲ. ಆಶಾ ಕಾರ್ಯಕರ್ತೆಯರು ಈಗಲೂ ಮನೆಮನೆಗೆ ಹೋಗಿ ಸ್ಪರ್ಶವಿಲ್ಲದ ಮಚ್ಚೆ ಹುಡುಕುತ್ತಾರೆ. ಪ್ರತಿ ಜನವರಿ 30ರಂದು ಗ್ರಾಮಸಭೆಗಳಲ್ಲಿ ಕುಷ್ಠರೋಗಿಗಳಿಗೆ ಭೇದ ಮಾಡುವುದಿಲ್ಲ ಎಂಬ ಪ್ರತಿಜ್ಞೆಯೂ ನಡೆಯುತ್ತದೆ.

2016ರ ಅಂಗವಿಕಲರ ಹಕ್ಕು ಕಾಯ್ದೆಯಲ್ಲಿ ಕುಷ್ಠದಿಂದ ವಾಸಿಯಾದವರಿಗೂ ಜಾಗವಿದೆ. ಪಿಂಚಣಿಗೆ ಅಂಗವಿಕಲರ ಗುರುತಿನ ಕಾರ್ಡ್ ಬೇಕು, ಅದರಲ್ಲಿ ಅಂಗವೈಕಲ್ಯ ಯಾವ ಬಗೆಯದು ಅಂತ ಬರೆದಿರುತ್ತದೆ. ನಾಡಕಚೇರಿ ಕೌಂಟರಿನಲ್ಲಿ ಊರವರೇ ಸಾಲು ನಿಂತಿರುವಾಗ ಅದನ್ನು ಹೊರಗೆ ತೆಗೆಯೋದು ಸುಲಭವೇ? ಅದಕ್ಕೇ ಕಾರ್ಡಿನ ತಂಟೆಯೇ ಬೇಡ ಅನ್ನುವವರೂ ಇದ್ದಾರೆ.