ಕಿಸಾನ್ ಸಮ್ಮಾನ್ ದುಡ್ಡು ಲೀಸಿಗೆ ಮಾಡೋರ ಖಾತೆಗೆ ಯಾಕೆ ಬರಲ್ಲ?

ಪಿಎಂ ಕಿಸಾನ್ ಕಂತು ಬಿಟ್ಟಾಗೆಲ್ಲ ಸಿಂಧನೂರು, ಗಂಗಾವತಿ ಕಡೆ ಲೀಸಿಗೆ ಗದ್ದೆ ಮಾಡೋರಿಗೆ ಒಂದೇ ಸಂಕಟ. ನಾಟಿ ಮಾಡಿಸಿದ್ದು ಅವರು, ಗೊಬ್ಬರಕ್ಕೆ ಸಾಲ ತಂದಿದ್ದು ಅವರು, 2,000 ರೂಪಾಯಿ ಮಾತ್ರ ಜಮೀನು ಮಾಲೀಕರ ಖಾತೆಗೆ ಹೋಗತ್ತೆ. ಕೃಷಿ ಇಲಾಖೆಯೋರು ಲಿಸ್ಟಲ್ಲಿ ಹೆಸರು ಬಿಟ್ಟಿದಾರೆ ಅಂತ ಬೈಕೊಳ್ಳೋರೇ ಜಾಸ್ತಿ, ಆದ್ರೆ ಈ ಕಥೆ 1974ರಿಂದ ಶುರುವಾಗಿದ್ದು.

ಆಗ ದೇವರಾಜ ಅರಸು ಸರ್ಕಾರ ಭೂ ಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದು ಮಾರ್ಚ್ 1ರಿಂದ ಗೇಣಿ ಪದ್ಧತಿನೇ, ಅಂದ್ರೆ ಜಮೀನು ಲೀಸಿಗೆ ಕೊಡೋದನ್ನೇ, ರದ್ದು ಮಾಡ್ತು. ಗೇಣಿದಾರರು ತಾವು ಮಾಡ್ತಿದ್ದ ಜಮೀನು ತಮ್ಮ ಹೆಸರಿಗೆ ಕೊಡಿ ಅಂತ ಫಾರಂ ನಂಬರ್ 7 ತುಂಬಿ ಭೂ ನ್ಯಾಯಮಂಡಳಿ ಮುಂದೆ ನಿಂತ್ರು, ಕರಾವಳಿ ಮಲೆನಾಡಲ್ಲಿ ಎಷ್ಟೋ ಮನೆಗಳಿಗೆ ಮೊದಲ ಸಲ ಸ್ವಂತ ಜಮೀನು ಅಂತ ಆಗಿದ್ದೇ ಅದರಿಂದ. ನನ್ನ ಪ್ರಕಾರ ಈ ರಾಜ್ಯ ಕಂಡ ಅತಿ ದೊಡ್ಡ ಕೆಲಸಗಳಲ್ಲಿ ಅದೂ ಒಂದು. ಆದ್ರೆ ಅಲ್ಲಿಂದ ಮುಂದೆ, ಸೈನಿಕರಂಥ ಕೆಲವರನ್ನ ಬಿಟ್ಟು, ಜಮೀನು ಗೇಣಿಗೆ ಕೊಡೋದೇ ಕಾನೂನುಬಾಹಿರ ಆಯ್ತು. ಕೊಡೋದು ನಿಂತಿತಾ ಅಂದ್ರೆ ಇಲ್ಲ, ಬಾಯಿಮಾತಲ್ಲಿ ನಡೀತು ಅಷ್ಟೇ. ಹೆಸರು ಮಾತ್ರ ಬೇರೆ ಬೇರೆ, ಧಾರವಾಡ ಕಡೆ ಲಾವಣಿ, ಮಂಡ್ಯ ಕಡೆ ವಾರ, ತುಂಗಭದ್ರಾ ಕಾಲುವೆ ಕೆಳಗೆ ಎಕರೆಗೆ ಇಷ್ಟು ಚೀಲ ಭತ್ತ ಅಂತ ಲೀಸು.

ಜಮೀನಿನ ದಾಖಲೆ, ಅಂದ್ರೆ ಪಹಣಿ ತೆಗೆದು ನೋಡಿ. 9ನೇ ಕಾಲಂ ಮಾಲೀಕರದ್ದು, 12ನೇ ಕಾಲಂ ಸಾಗುವಳಿ ಮಾಡೋರದ್ದು. ಆ 12ರಲ್ಲಿ ಬೇರೆಯವರ ಹೆಸರು ಬರೋಕೆ ಮಾಲೀಕರು ಒಪ್ಪೋದೇ ಅಪರೂಪ, ನಾಳೆ ಜಮೀನೇ ಕೈಬಿಟ್ಟು ಹೋದ್ರೆ ಅನ್ನೋ ಭಯ, ಅರಸು ಕಾಲದಲ್ಲಿ ಜಮೀನು ಕಳ್ಕೊಂಡ ಮನೆಗಳಲ್ಲಂತೂ ಕೇಳೋದೇ ಬೇಡ.

2018ರಲ್ಲಿ ತೆಲಂಗಾಣ ರೈತ ಬಂಧು ಶುರು ಮಾಡಿ ಎಕರೆಗೆ ಹಂಗಾಮಿಗೆ 4,000 ಕೊಡ್ತು, ಅದೂ ಪಟ್ಟಾ ಇದ್ದೋರಿಗೇ. ಆದ್ರೆ ಒಡಿಶಾ ತನ್ನ ಕಾಲಿಯಾ ಯೋಜನೆಲಿ ಪಾಲಿಗೆ ಮಾಡೋರನ್ನೂ ಸೇರಿಸ್ಕೊಂಡಿತ್ತು. ಫೆಬ್ರವರಿ 2019ರಲ್ಲಿ ಕೇಂದ್ರ ವರ್ಷಕ್ಕೆ 6,000 ಅಂತ ಪಿಎಂ ಕಿಸಾನ್ ತಂದಾಗ ಹಿಡಿದಿದ್ದು ತೆಲಂಗಾಣದ ದಾರಿ, ಜಮೀನು ಹೆಸರಲ್ಲಿದ್ರೆ ಮಾತ್ರ ದುಡ್ಡು. ಮೊದಲು 2 ಹೆಕ್ಟೇರ್ ಒಳಗಿನೋರಿಗೆ ಅಂತಿತ್ತು, ಚುನಾವಣೆ ಮುಗಿದ ತಕ್ಷಣ ಆ ಮಿತಿನೂ ತೆಗೆದ್ರು, ಹಂಗಾಗಿ ಇನ್‌ಕಮ್ ಟ್ಯಾಕ್ಸ್ ಕಟ್ಟೋರು, ಸರ್ಕಾರಿ ನೌಕರರು ಅಂತ ಕೆಲವರನ್ನ ಬಿಟ್ರೆ 20 ಎಕರೆ ಇದ್ದೋರಿಗೂ ಬರತ್ತೆ, ಇನ್ನೊಬ್ಬರ 5 ಎಕರೆಲಿ ಬೆವರು ಸುರಿಸೋರಿಗೆ ಬರಲ್ಲ. ಇದು ಅನ್ಯಾಯ ಅಂತ ಹೇಳೋಕೆ ನಂಗೆ ಯಾವ ಹಿಂಜರಿಕೆನೂ ಇಲ್ಲ. ಯಡಿಯೂರಪ್ಪ ಸರ್ಕಾರ ಅದೇ ವರ್ಷ ರಾಜ್ಯದಿಂದ 4,000 ಸೇರಿಸ್ತು, ಲಿಸ್ಟ್ ಮಾತ್ರ ಅದೇ. 2023ರಲ್ಲಿ ಸರ್ಕಾರ ಬದಲಾದ ಮೇಲೆ ಅದೂ ನಿಂತೋಯ್ತು.

ಆಮೇಲೆ ಬಂದಿದ್ದು ಫ್ರೂಟ್ಸ್ ಐಡಿ (ರಾಜ್ಯದ ರೈತರ ನೋಂದಣಿ ಸಂಖ್ಯೆ), ಇ-ಕೆವೈಸಿ, ಆಧಾರ್ ಲಿಂಕ್. ಇದರಲ್ಲಿ ಸ್ವಂತ ಜಮೀನಿದ್ದೋರೂ ಸಿಕ್ಕಾಕೊಂಡ್ರು, ತಾತ ತೀರಿಕೊಂಡು ಎಷ್ಟೋ ವರ್ಷ ಆದ್ರೂ ಪೌತಿ ಖಾತೆ, ಅಂದ್ರೆ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಆಗದೆ ಪಹಣಿ ಇನ್ನೂ ಅವರ ಹೆಸರಲ್ಲೇ ಇರೋ ಮನೆಗಳು ಪ್ರತಿ ಊರಲ್ಲೂ ಇವೆ.

ಆಂಧ್ರದಲ್ಲಿ 2019ರಲ್ಲಿ ಗೇಣಿದಾರರಿಗೆ 11 ತಿಂಗಳ ಕಾರ್ಡ್ ಕೊಡೋ ಕಾನೂನು ಬಂತು, ಮಾಲೀಕತ್ವಕ್ಕೆ ಧಕ್ಕೆ ಇಲ್ಲ ಅಂತ ಬರೆದಿದ್ರೂ ಮಾಲೀಕರ ಸಹಿ ಬೇಕಿತ್ತು, ಅಲ್ಲೇ ಎಷ್ಟೋ ಜನ ಸೋತ್ರು. ನಮ್ಮಲ್ಲಿ ಹಂಗಾಮಿಗೊಂದು ಸಲ ಸರ್ವೆ ನಂಬರ್ ವಾರು ಬೆಳೆ ಸಮೀಕ್ಷೆ ಆ್ಯಪಲ್ಲಿ ಫೋಟೋ ತೆಗೀತಾನೇ ಇದಾರೆ. ಬೇಸಾಯ ಮಾಡ್ತಿರೋದು ಯಾರು ಅಂತ ಅವತ್ತೇ ಬರ್ಕೊಂಡು, ಆ ದಾಖಲೆಗೂ ಮಾಲೀಕತ್ವಕ್ಕೂ ಸಂಬಂಧ ಇಲ್ಲ ಅಂತ ಕಾಯ್ದೆಲಿ ಒಂದು ಕಲಂ ಸೇರಿಸೋದನ್ನ ಸರ್ಕಾರ ಇನ್ನಾದ್ರೂ ಮಾಡ್ಬೇಕು.