ಶಕ್ತಿ ಹಾಕಿದಷ್ಟೂ ನಿಧಾನ: ಕೆಪ್ಲರ್ ಲೆಕ್ಕದಿಂದ ಹಾಸನದ ಎಂಸಿಎಫ್‌ವರೆಗೆ

ಹಾಸನದ ಸಾಲಗಾಮೆ ರಸ್ತೆಯಲ್ಲಿ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ ಇದೆ. ಊರಿನವರ ಬಾಯಲ್ಲಿ ಅದು ಎಂಸಿಎಫ್. ಇನ್‌ಸ್ಯಾಟ್, ಜಿಸ್ಯಾಟ್ ಉಪಗ್ರಹಗಳನ್ನು 1982ರಿಂದ ಅಲ್ಲಿಂದ ನೋಡಿಕೊಳ್ಳುತ್ತಿದ್ದಾರೆ. ಟಿವಿ ಬರುತ್ತೆ, ಮೋಡದ ಚಿತ್ರ ಬರುತ್ತೆ, ಅಷ್ಟು ಎಲ್ಲರಿಗೂ ಗೊತ್ತು. ಆದರೆ ಅಷ್ಟು ಮೇಲಿರುವ ಉಪಗ್ರಹ ಕೆಳಗೆ ಯಾಕೆ ಬೀಳಲ್ಲ ಅಂತ ಕೇಳಿದರೆ, 'ಅಲ್ಲಿ ಗುರುತ್ವ ಇರಲ್ವಲ್ಲ' ಎನ್ನುವವರೇ ಜಾಸ್ತಿ. ಗುರುತ್ವ ಅಲ್ಲೂ ಇದೆ. ನೆಲದ ಮೇಲಿರುವುದರ 44ರಲ್ಲಿ ಒಂದು ಪಾಲು. ಅದು ಎಳೆಯುತ್ತಿರುವುದರಿಂದಲೇ ಉಪಗ್ರಹ ನೇರ ಹಾರಿಹೋಗದೆ ಭೂಮಿಯನ್ನು ಸುತ್ತುತ್ತಿದೆ. ಇದು ಅರ್ಥವಾಗಲು ಮನುಷ್ಯನಿಗೆ ಬಹಳ ಕಾಲ ಹಿಡಿಯಿತು.

ಆಕಾಶದ ಲೆಕ್ಕ ಹಾಸನ ಸೀಮೆಗೆ ಹೊಸದಲ್ಲ. ಬೇಲೂರು, ಹಳೇಬೀಡು ಸುತ್ತಲಿನ ಹೊಯ್ಸಳ ಶಾಸನಗಳನ್ನು ನೋಡಿ. ದಾನ ಕೊಟ್ಟ ದಿನವನ್ನು ಹೇಳುವಾಗ ಸೂರ್ಯಗ್ರಹಣ, ಸಂಕ್ರಮಣ ಎಂದು ಕೆತ್ತಿಸಿರುವುದು ಮತ್ತೆ ಮತ್ತೆ ಸಿಗುತ್ತದೆ. ಗ್ರಹಣ ಅನ್ನುವುದು ನೆರಳು ಎಂದು ಆರ್ಯಭಟ ಅದಕ್ಕೂ ಆರು ಶತಮಾನ ಮೊದಲೇ ಹೇಳಿದ್ದ. ಗ್ರಹ ಯಾವ ದಿನ ಎಲ್ಲಿರುತ್ತದೆ ಎಂದು ಲೆಕ್ಕ ಹಾಕುವವರು ನಮ್ಮಲ್ಲೂ ಇದ್ದರು, ಯುರೋಪಿನಲ್ಲೂ ಇದ್ದರು. ಅದನ್ನು ಓಡಿಸುತ್ತಿರುವುದು ಏನು ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿತ್ತು.

ದಾರಿ ತೆರೆದದ್ದು ಮಂಗಳ ಗ್ರಹ. ಡೆನ್ಮಾರ್ಕಿನ ಟೈಕೊ ಬ್ರಾಹೆ ದೂರದರ್ಶಕ ಇಲ್ಲದ ಕಾಲದಲ್ಲಿ ವರ್ಷಗಟ್ಟಲೆ ಮಂಗಳದ ಸ್ಥಾನ ಅಳೆದಿಟ್ಟಿದ್ದ. 1601ರಲ್ಲಿ ಅವನು ತೀರಿಕೊಂಡ ಮೇಲೆ ಆ ಅಳತೆಗಳು ಯೋಹಾನ್ನೆಸ್ ಕೆಪ್ಲರ್ ಕೈಗೆ ಬಂದವು. ಗ್ರಹ ಸುತ್ತುವುದು ವೃತ್ತದಲ್ಲೇ ಎಂದಿಟ್ಟುಕೊಂಡು ಕೆಪ್ಲರ್ ಎಷ್ಟು ಹೊಂದಿಸಿದರೂ 8 ನಿಮಿಷ ಕೋನದಷ್ಟು (ಒಂದು ಡಿಗ್ರಿಗೆ 60 ನಿಮಿಷ) ತಪ್ಪು ಉಳಿಯುತ್ತಿತ್ತು. ಅದು ಹುಣ್ಣಿಮೆ ಚಂದ್ರನ ಅಗಲದ ಕಾಲು ಭಾಗಕ್ಕಿಂತ ಒಂಚೂರು ಜಾಸ್ತಿ, ಅಷ್ಟೆ. ಬೇರೆಯವರಾಗಿದ್ದರೆ ಬಿಟ್ಟುಬಿಡುತ್ತಿದ್ದರು. ಟೈಕೊ ಅಷ್ಟು ತಪ್ಪು ಅಳೆಯುವವನಲ್ಲ ಎಂದು ಕೆಪ್ಲರ್ ಹಟ ಹಿಡಿದ, ಎರಡು ಸಾವಿರ ವರ್ಷದ ವೃತ್ತವನ್ನೇ ಕೈಬಿಟ್ಟ. ವಿಜ್ಞಾನದ ಇತಿಹಾಸದಲ್ಲಿ ನನಗೆ ತೀರಾ ಇಷ್ಟವಾದ ಘಟ್ಟ ಇದು. 1609ರಲ್ಲಿ ಅವನು ಹೇಳಿದ್ದು: ಗ್ರಹದ ದಾರಿ ಅಂಡಾಕಾರ, ಸೂರ್ಯನ ಹತ್ತಿರ ಬಂದಾಗ ಓಟ ಜೋರು, ದೂರ ಹೋದಾಗ ನಿಧಾನ.

ಹತ್ತು ವರ್ಷದ ಮೇಲೆ ಮೂರನೇ ನಿಯಮ ಬಂತು. ದೂರದ ಘನಕ್ಕೆ ಸುತ್ತುವ ಕಾಲದ ವರ್ಗ ಹೊಂದುತ್ತದೆ. ಇದನ್ನು ಈಗಲೇ ಪರೀಕ್ಷೆ ಮಾಡಬಹುದು. ಎಂಸಿಎಫ್ ನೋಡಿಕೊಳ್ಳುವ ಉಪಗ್ರಹ ಭೂಮಿಯ ಕೇಂದ್ರದಿಂದ ಸುಮಾರು 42,000 ಕಿ.ಮೀ. ದೂರದಲ್ಲಿ ದಿನಕ್ಕೊಂದು ಸುತ್ತು ಹಾಕುತ್ತದೆ. ಚಂದ್ರ ಇರುವುದು 3,84,400 ಕಿ.ಮೀ. ಆಚೆ, ಹೆಚ್ಚುಕಡಿಮೆ ಒಂಬತ್ತು ಪಟ್ಟು ದೂರ. ಒಂಬತ್ತರ ಘನ 729. ಅದರ ವರ್ಗಮೂಲ 27. ಚಂದ್ರ ಒಂದು ಸುತ್ತಿಗೆ ತೆಗೆದುಕೊಳ್ಳುವುದು 27 ದಿನ ಚಿಲ್ಲರೆ! ಗ್ರಹಗಳಿಗೆಂದು ಕಂಡುಕೊಂಡ ನಿಯಮ ಹಾಸನದಿಂದ ಆಡಿಸುವ ಯಂತ್ರಕ್ಕೂ, ಮನೆ ಮೇಲೆ ಕಾಣುವ ಚಂದ್ರನಿಗೂ ಒಂದೇ.

ಸೂರ್ಯನಿಂದ ಬರುವ ಆಯಸ್ಕಾಂತದಂಥ ಬಲ ಗ್ರಹಗಳನ್ನು ತಳ್ಳುತ್ತದೆ ಎಂದು ಕೆಪ್ಲರ್ ಅಂದುಕೊಂಡಿದ್ದ. ತಳ್ಳುವವರು ಯಾರೂ ಬೇಡ, ಎಳೆತ ಸಾಕು ಎಂದು 1687ರಲ್ಲಿ ನ್ಯೂಟನ್ ತೋರಿಸಿದ.

ಆದರೂ ಒಂದು ತುಂಡು ಬಾಕಿ ಇತ್ತು. ದೂರ ಹೋಗುವ ಗ್ರಹ ಕಳೆದುಕೊಂಡ ವೇಗ ಎಲ್ಲಿಗೆ ಹೋಗುತ್ತೆ? ಓಡುವ ವಸ್ತುವಿನಲ್ಲಿರುವ ಶಕ್ತಿಯನ್ನು ಅಳೆಯುವುದು ಹೇಗೆ ಎಂದೇ ಜಗಳವಿತ್ತು. ತೂಕವನ್ನು ವೇಗದಿಂದ ಗುಣಿಸಿ ಎಂದು ಒಂದು ಗುಂಪು, ವೇಗದ ವರ್ಗದಿಂದ ಗುಣಿಸಿ ಎಂದು ಜರ್ಮನಿಯ ಲೈಬ್‌ನಿಜ್. 1720ರ ದಶಕದಲ್ಲಿ ಹಾಲೆಂಡಿನ ಗ್ರಾವೆಸಾಂಡೆ ಮೆತ್ತನೆ ಜೇಡಿಮಣ್ಣಿನ ಮೇಲೆ ಹಿತ್ತಾಳೆ ಗುಂಡು ಬೀಳಿಸಿ ನೋಡಿದ. ವೇಗ ಎರಡರಷ್ಟಾದರೆ ಗುಂಡು ಹೂಳುವ ಆಳ ನಾಲ್ಕರಷ್ಟು. ಫ್ರಾನ್ಸಿನ ಎಮಿಲಿ ದು ಶಾತಲೆ 1740ರಲ್ಲಿ ಈ ಪ್ರಯೋಗವನ್ನು ಮುಂದಿಟ್ಟು ವರ್ಗದ ಪರ ವಾದಿಸಿದಳು. ಶಕ್ತಿ ಹುಟ್ಟುವುದಿಲ್ಲ, ಸಾಯುವುದಿಲ್ಲ, ರೂಪ ಮಾತ್ರ ಬದಲಾಗುತ್ತದೆ ಎಂಬುದು ಗಟ್ಟಿಯಾಗಲು 1840ರ ದಶಕ, ಇಂಗ್ಲೆಂಡಿನ ಜೂಲ್ ಮತ್ತು ಜರ್ಮನಿಯ ಹೆಲ್ಮ್‌ಹೋಲ್ಟ್ಜ್ ಬರಬೇಕಾಯಿತು. ಗ್ರಹ ಕಳೆದುಕೊಂಡ ವೇಗ ಎತ್ತರದ ಖಾತೆಗೆ ಜಮಾ ಆಗಿರುತ್ತದೆ. ವಾಪಸ್ ಬರುವಾಗ ಪೂರ್ತಿ ಸಿಗುತ್ತದೆ.

ಹಾಸನದ ಕೆಲಸ ಈ ಲೆಕ್ಕದ ಮೇಲೇ ನಿಂತಿದೆ. ರಾಕೆಟ್ ಉಪಗ್ರಹವನ್ನು ಮೊದಲು ಉದ್ದನೆ ಅಂಡಾಕಾರದ ಕಕ್ಷೆಗೆ ಬಿಡುತ್ತದೆ. ಒಂದು ತುದಿ ನೆಲದಿಂದ ಇನ್ನೂರು ಕಿ.ಮೀ. ಆಸುಪಾಸು, ಇನ್ನೊಂದು ಸುಮಾರು 36,000 ಕಿ.ಮೀ. ಕೆಳತುದಿಯಲ್ಲಿ ವೇಗ ಸೆಕೆಂಡಿಗೆ ಹತ್ತು ಕಿ.ಮೀ., ಮೇಲ್ತುದಿಯಲ್ಲಿ ಬರೀ 1.6. ಮೇಲೆ ಬಂದಾಗ ಎಂಸಿಎಫ್ ಆದೇಶ ಕಳಿಸಿ ಉಪಗ್ರಹದ ಎಂಜಿನ್ ಉರಿಸುತ್ತದೆ. ಅದರ ತಳ್ಳು 440 ನ್ಯೂಟನ್, ಐವತ್ತು ಕೆ.ಜಿ. ಕಾಫಿ ಚೀಲ ಎತ್ತಲೂ ಸಾಲದು! ಹಾಗಾಗಿ ಗಂಟೆಗಟ್ಟಲೆ, ಕೆಲವು ಕಂತುಗಳಲ್ಲಿ ಉರಿಸುತ್ತಾರೆ. ಕೊನೆಗೆ ಕೆಳತುದಿಯೂ ಮೇಲೇರಿ ಕಕ್ಷೆ ದುಂಡಗಾದಾಗ ವೇಗ 3.07 ಕಿ.ಮೀ.ಗೆ ನಿಲ್ಲುತ್ತದೆ. ನೆಲಕ್ಕೆ ಹತ್ತಿರ ಸುತ್ತುವ ಅಂತರಿಕ್ಷ ನಿಲ್ದಾಣದ ವೇಗ 7.7. ಜಾಸ್ತಿ ಶಕ್ತಿ ಸುರಿಸಿಕೊಂಡದ್ದೇ ನಿಧಾನ, ಅಲ್ವಾ? ಶಕ್ತಿ ಎತ್ತರಕ್ಕೆ ಹೋಗಿದೆ.

ಒಂದು ಕೆ.ಜಿ. ಸಾಮಾನನ್ನು ನೆಲದಿಂದ ಆ ದುಂಡನೆ ಕಕ್ಷೆಗೆ ಮುಟ್ಟಿಸಲು ಲೆಕ್ಕದ ಪ್ರಕಾರ ಬೇಕಾಗುವುದು ಸುಮಾರು 16 ಯೂನಿಟ್ ಕರೆಂಟಿನಷ್ಟು ಶಕ್ತಿ. ಇಷ್ಟೇನಾ ಅನ್ನಿಸುತ್ತೆ. ಆದರೆ ರಾಕೆಟ್ ತನ್ನ ಇಂಧನವನ್ನೂ ತಾನೇ ಹೊರಬೇಕು. ಇಸ್ರೋದ ಎಲ್‌ವಿಎಂ3 ರಾಕೆಟ್ 640 ಟನ್ ತೂಗುತ್ತದೆ, ಅಂಡಾಕಾರದ ಕಕ್ಷೆಗೆ ಮುಟ್ಟಿಸುವುದು 4 ಟನ್.

ಜಾಗಕ್ಕೆ ಸೇರಿದ ಮೇಲೂ ಉಪಗ್ರಹ ಸುಮ್ನೆ ಕೂರುವುದಿಲ್ಲ. ಸೂರ್ಯ, ಚಂದ್ರ ಅದನ್ನು ಉತ್ತರ ದಕ್ಷಿಣಕ್ಕೆ ಓಲಾಡಿಸುತ್ತವೆ. ಭೂಮಿಯ ಸೊಂಟವೂ, ಅಂದರೆ ಸಮಭಾಜಕ ವೃತ್ತವೂ, ಪೂರ್ತಿ ದುಂಡಗಿಲ್ಲ. ಅದರಿಂದಾಗಿ ನಮ್ಮ ಕಡೆಯ ಉಪಗ್ರಹಗಳು ಸುಮಾರು 75 ಡಿಗ್ರಿ ಪೂರ್ವ ರೇಖಾಂಶದತ್ತ ಮೆಲ್ಲಗೆ ಜಾರುತ್ತವೆ. ಹಾಸನ ಇರುವುದು 76ರಲ್ಲಿ, ಚಿಕ್ಕಮಗಳೂರು ಅದಕ್ಕೂ ಕೊಂಚ ಪಶ್ಚಿಮಕ್ಕೆ. ಆ ಜಾರು ತಗ್ಗು ನಮ್ಮ ಊರುಗಳ ರೇಖಾಂಶದ ಪಕ್ಕದಲ್ಲೇ ಇದೆ ಎಂಬುದು ಎಷ್ಟು ಜನಕ್ಕೆ ಗೊತ್ತು?

ಜಾರಿದ್ದನ್ನು ಸರಿಪಡಿಸಲು ಇಂಧನ ಬೇಕು, ಅದು ಮುಗಿದರೆ ಉಪಗ್ರಹದ ಕಥೆಯೂ ಮುಗಿಯಿತು. 1982ರ ಏಪ್ರಿಲ್‌ನಲ್ಲಿ ಹಾರಿದ ಇನ್‌ಸ್ಯಾಟ್-1ಎ ಸೆಪ್ಟೆಂಬರಿಗೇ ಇಂಧನ ಖಾಲಿಯಾಗಿ ಕೈತಪ್ಪಿತು. ಮರುವರ್ಷ ಹೋದ 1ಬಿ ವರ್ಷಗಟ್ಟಲೆ ದುಡಿಯಿತು. ಈಗ ಉಪಗ್ರಹದ ಆಯಸ್ಸು ಮುಗಿಯುವ ಮುಂಚೆ ಕೊನೆಯ ಒಂದಿಷ್ಟು ಇಂಧನ ಉಳಿಸಿಕೊಂಡು, ಉಪಗ್ರಹವನ್ನೇ ಸುಮಾರು 300 ಕಿ.ಮೀ. ಮೇಲಕ್ಕೆ ಸಾಗಿಸಿ ಉಳಿದವುಗಳಿಗೆ ದಾರಿ ಬಿಡಿಸುತ್ತಾರೆ. ಎಷ್ಟು ಉಳಿದಿದೆ ಎಂದು ತಿಳಿಯಲು ಉಪಗ್ರಹ, ಇಂಧನ ಎಲ್ಲವೂ ಒಟ್ಟಿಗೇ ಬೀಳುತ್ತಾ ಸುತ್ತುವುದರಿಂದ ತೂಕವೇ ಗೊತ್ತಾಗದ ಕಡೆ ಟ್ಯಾಂಕಿನ ಮಟ್ಟ ನೋಡಿದರೆ ಆಗದು. ಅದಕ್ಕೇ ಎಂಜಿನ್ ಎಷ್ಟು ಹೊತ್ತು ಉರಿಯಿತು ಎಂಬುದನ್ನು ಮೊದಲ ದಿನದಿಂದ ಬರೆದಿಟ್ಟು ಕಳೆಯುತ್ತಾ ಬರುತ್ತಾರೆ.